ಗ್ರಾಂಟ್–ಕೋರ್ಸ್ ರಾಂಚ್: ಎರಡು ಭಾಗಗಳ ಮನೆಯನ್ನು ಓದುವ ಬಗೆ

ಅಮೆರಿಕದ ಮೊಂಟಾನಾ ರಾಜ್ಯದ ಡೀರ್ ಲಾಡ್ಜ್ ಕಣಿವೆಯಲ್ಲಿರುವ ಗ್ರಾಂಟ್–ಕೋರ್ಸ್ ರಾಂಚ್, ಅಂದರೆ ದನ ಸಾಕುವ ದೊಡ್ಡ ಜಮೀನಿನ, ಈ ಮನೆ ಮುಂದಿನಿಂದ ನೋಡಿದರೆ ಬಿಳಿ ಹಲಗೆ ಹೊದಿಸಿದ ಎರಡಂತಸ್ತಿನ ಮರದ ಕಟ್ಟಡ. ಹಿಂದಕ್ಕೆ ಸುತ್ತಿ ಬಂದರೆ ಅದಕ್ಕೇ ಸೇರಿಸಿ ಕಟ್ಟಿದ ಇಟ್ಟಿಗೆಯ ದೊಡ್ಡ ಭಾಗ ಕಾಣುತ್ತದೆ. ಮರದ ಮನೆ 1862ರದು, ಇಟ್ಟಿಗೆಯ ಭಾಗ 1890ರದು. ಇಸವಿಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗುವವರಿಗೆ ಇಲ್ಲಿರುವ ನಿಜವಾದ ಪ್ರಶ್ನೆ ತಪ್ಪಿಹೋಗುತ್ತದೆ. 1886–87ರ ಚಳಿಗಾಲ ಆ ಸೀಮೆಯ ದನದ ವ್ಯಾಪಾರದ ಬೆನ್ನು ಮುರಿದಿತ್ತು. ಅದಾದ ಮೂರೇ ವರ್ಷಕ್ಕೆ ಈ ಮನೆ ಇಷ್ಟು ಬೆಳೆದದ್ದು ಹೇಗೆ?

ಮರದ ಮನೆ ಕಟ್ಟಿಸಿದ ಜಾನ್ ಗ್ರಾಂಟ್ ಕೆನಡಾ ಮೂಲದ ವ್ಯಾಪಾರಿ. ಅವನ ಬಂಡವಾಳದ ಗುಟ್ಟು ಬಹಳ ಸರಳ. ಆರೆಗಾನ್ ದಾರಿಯಲ್ಲಿ ಬಂಡಿ ಹೂಡಿಕೊಂಡು ಪಶ್ಚಿಮಕ್ಕೆ ಹೊರಟ ವಲಸಿಗರ ದನಗಳು ಅಷ್ಟು ದೂರ ನಡೆದು ಎಲುಬುಗೂಡಾಗಿರುತ್ತಿದ್ದವು. ಬಳಲಿದ ಎರಡು ದನಗಳನ್ನು ತೆಗೆದುಕೊಂಡು ಮೈತುಂಬಿದ ಒಂದನ್ನು ಕೊಡುವುದು ಗ್ರಾಂಟ್‌ನ ಲೆಕ್ಕ. ಬಳಲಿದವುಗಳನ್ನು ಈ ಕಣಿವೆಗಳಿಗೆ ಹೊಡೆದುಕೊಂಡು ಬಂದು ಮೇಯಿಸಿ, ಮೈ ಹಿಡಿದ ಮೇಲೆ ಮುಂದಿನ ವರ್ಷ ಅದೇ ದಾರಿಗೆ ಒಯ್ದು ಮತ್ತೆ ವಿನಿಮಯ ಮಾಡುತ್ತಿದ್ದ. ಹಣ ಕೈ ಬದಲಾಗದೆಯೇ ಹಿಂಡು ಇಮ್ಮಡಿಯಾಗುತ್ತಿತ್ತು. ಅವನ ಮನೆಯನ್ನು 1865ರಲ್ಲಿ ಅಲ್ಲಿನ ಪತ್ರಿಕೆಯೊಂದು ಹಾಡಿ ಹೊಗಳಿತು. ಹೊರಗೆ ಹಸಿರು ಬಣ್ಣದ ಕದಗಳಿದ್ದ ಇಪ್ಪತ್ತೆಂಟು ಕಿಟಕಿಗಳನ್ನು ಎಣಿಸಿ ಬರೆಯಿತು. ಗಡಿನಾಡಿನಲ್ಲಿ ಕಿಟಕಿಯ ಗಾಜು ಎಂದರೆ ಸಿರಿತನದ ಪ್ರದರ್ಶನ ಎಂಬುದನ್ನು ಮರೆಯದಿರೋಣ.

1866ರಲ್ಲಿ ಗ್ರಾಂಟ್ ಈ ಆಸ್ತಿಯನ್ನು 19,200 ಡಾಲರಿಗೆ ಕಾನ್ರಾಡ್ ಕೋರ್ಸ್‌ಗೆ ಮಾರಿ ಕೆನಡಾದ ಕಡೆಗೆ ಹೊರಟುಹೋದ. ಕೋರ್ಸ್ ಇಂದಿನ ಜರ್ಮನಿಯ ಹೋಲ್‌ಸ್ಟೈನ್ ಪ್ರಾಂತದಲ್ಲಿ 1835ರಲ್ಲಿ ಹುಟ್ಟಿದವನು. ಚಿನ್ನದ ಆಸೆಯಿಂದ 1862ರಲ್ಲಿ ಮೊಂಟಾನಾಕ್ಕೆ ಬಂದು, ಬ್ಯಾನಕ್ ಎಂಬ ಗಣಿ ಊರಿನ ಮಾಂಸದಂಗಡಿಯಲ್ಲಿ ತಿಂಗಳಿಗೆ 25 ಡಾಲರ್ ಸಂಬಳಕ್ಕೆ ಸೇರಿಕೊಂಡ. ಚಿನ್ನ ಸಿಕ್ಕರೂ ಸಿಗದಿದ್ದರೂ ಗಣಿಯವರು ಊಟ ಮಾಡಲೇಬೇಕಲ್ಲ. ಸ್ವಂತ ಅಂಗಡಿಗಳು ಬಂದವು, ಅಂಗಡಿಗಳಿಗೆ ದನ ಬೇಕಾಯಿತು, ದನಕ್ಕೆ ನೆಲೆ ಬೇಕಾಯಿತು. ಮಲಸೋದರ ಜಾನ್ ಬೀಲೆನ್‌ಬರ್ಗ್ ಜೊತೆಗೂಡಿದ. ಮುಂದೆ ಅವರ ಹಿಂಡುಗಳು ಸುಮಾರು ಒಂದು ಕೋಟಿ ಎಕರೆ ವಿಸ್ತಾರದಲ್ಲಿ ಮೇಯುತ್ತಿದ್ದವು.

ಈ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಆ ಒಂದು ಕೋಟಿ ಎಕರೆ ಕೋರ್ಸ್‌ನದಲ್ಲ. ಅದರ ಬಹುಪಾಲು ಬೇಲಿಯಿಲ್ಲದ ಸರ್ಕಾರಿ ನೆಲ, ಬಾಡಿಗೆಯಿಲ್ಲದ ಹುಲ್ಲು. ನಮ್ಮ ಗೋಮಾಳವನ್ನು ನೆನೆದರೆ ಅರ್ಧ ಅರ್ಥವಾಗುತ್ತದೆ. ಆದರೆ ಗೋಮಾಳಕ್ಕೆ ಊರಿನ ಹಿಡಿತವಿದೆ, ಅಲ್ಲಿ ಅಂಥದ್ದೇನೂ ಇರಲಿಲ್ಲ. ಆ ಹುಲ್ಲು ಅದಕ್ಕೂ ಮೊದಲು ಕಾಡೆಮ್ಮೆಗಳದ್ದು (ಅಮೆರಿಕದ ಬೈಸನ್), ಅವುಗಳನ್ನು ನೆಚ್ಚಿ ಬದುಕಿದ ಮೂಲನಿವಾಸಿಗಳದ್ದು. ಕಾಡೆಮ್ಮೆಗಳನ್ನು ಕೊಂದು ಮುಗಿಸಿ, ಜನರನ್ನು ಮೀಸಲು ಪ್ರದೇಶಗಳಿಗೆ ತಳ್ಳಿದ ಮೇಲೆಯೇ ಬಯಲು ದನಗಳಿಗೆ ತೆರೆಯಿತು. ‘ದನದ ದೊರೆಗಳು’ ಎಂದು ಬರೆಯುವಾಗ ಈ ಸಾಲನ್ನೂ ಬರೆಯದಿದ್ದರೆ ಉತ್ತರ ಅಪೂರ್ಣ.

1886ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಮಿತಿಮೀರಿ ಮೇಯಿಸಿದ್ದ ಬಯಲು ಆಗಲೇ ಬೋಳಾಗಿತ್ತು. ಚಳಿಗಾಲದಲ್ಲಿ ಹಿಮ ಬಿತ್ತು. ನಡುವೆ ಬೆಚ್ಚನೆಯ ಗಾಳಿ ಬೀಸಿ ಮೇಲ್ಪದರ ಕರಗಿತು. ಮರಳಿ ಚಳಿ ಹೊಡೆದಾಗ ಅದು ಗಟ್ಟಿ ಮಂಜುಗಡ್ಡೆಯ ಹೊದಿಕೆಯಾಯಿತು. ಕಾಡೆಮ್ಮೆ ತಲೆಯಿಂದ ಹಿಮ ತಳ್ಳಿ ಹುಲ್ಲು ಹುಡುಕಬಲ್ಲದು, ದನಕ್ಕೆ ಅದು ಬಾರದು. ಕೋರ್ಸ್ ಪಾಲುದಾರನಾಗಿದ್ದ ಪೂರ್ವ ಬಯಲಿನ ಹಿಂಡಿನಲ್ಲಿ ಹೆಚ್ಚಿನವು ಸತ್ತವು. ಅವನ ಪಾಲುದಾರ ಗ್ರ್ಯಾನ್‌ವಿಲ್ ಸ್ಟೂಯರ್ಟ್ ಈ ವ್ಯಾಪಾರವೇ ಬೇಡವೆಂದು ಬಿಟ್ಟ. ಮೇವು, ಆಸರೆ ಕೊಡಲಾಗದ ಒಂದು ಪ್ರಾಣಿಯನ್ನೂ ಇನ್ನು ಸಾಕುವುದಿಲ್ಲವೆಂದ.

ಕೋರ್ಸ್ ಉಳಿದದ್ದಕ್ಕೆ ನಾನು ಕೊಡುವ ಕಾರಣಗಳಲ್ಲಿ ಮೊದಲನೆಯದು ಸಾಲ. ಬ್ಯೂಟ್ ಪಟ್ಟಣದ ಬ್ಯಾಂಕ್ ಮಾಲೀಕ ಎ. ಜೆ. ಡೇವಿಸ್ ಅವನಿಗೆ 1,00,000 ಡಾಲರ್ ಕೊಟ್ಟ. ಇನ್ನೊಂದು ಕಾರಣ ಈ ಕಣಿವೆಯೇ. ಇಲ್ಲಿ ಸ್ವಂತ ನೆಲವಿತ್ತು, ಶಾರ್ಟ್‌ಹಾರ್ನ್ ಮತ್ತು ಹೆರೆಫರ್ಡ್ ತಳಿಯ ಆಯ್ದ ದನಗಳಿದ್ದವು. ಬಯಲಿನ ಹಿಂಡಿಗೆ ಜೂಜಿನ ಗುಣವಿತ್ತು, ಕಣಿವೆಯದು ಬೇಸಾಯ. ಆದ್ದರಿಂದ 1890ರ ಇಟ್ಟಿಗೆಯ ಭಾಗವನ್ನು ಬಿಟ್ಟಿ ಹುಲ್ಲಿನ ಸಂಭ್ರಮವೆಂದು ಓದುವುದಕ್ಕಿಂತ, ಇಲ್ಲೇ ನೆಲೆ ನಿಲ್ಲುತ್ತೇನೆಂಬ ನಿರ್ಧಾರವೆಂದು ಓದುವುದು ಸರಿ. ಅದರೊಂದಿಗೆ ಮನೆ 23 ಕೋಣೆಗಳದಾಯಿತು; ವಿಶಾಲವಾದ ಊಟದ ಕೋಣೆ ಬಂದಿತು.

ಬಯಲಿಗೆ ಬೇಲಿ ಬಿದ್ದು, ಸಣ್ಣ ರೈತರು ಬಂದು ನೆಲೆಸಿದಂತೆ ಕೋರ್ಸ್ ಹೆಚ್ಚಿನ ಜಮೀನು ಮಾರಿದ, 1920ರಲ್ಲಿ ತೀರಿಕೊಂಡ. ಅವನ ಹೆಂಡತಿ ಆಗಸ್ಟಾ 1945ರವರೆಗೆ ಬದುಕಿದ್ದರು. ಮೊಮ್ಮಗ ಕಾನ್ರಾಡ್ ವಾರೆನ್ ರಾಂಚ್ ನಡೆಸಿದರು. ಹೀಗೆ ಒಂದೇ ಮನೆತನದ ಕೈಯಲ್ಲಿ ಉಳಿದದ್ದರಿಂದ ಪೀಠೋಪಕರಣ, ಬಂಡಿ, ಕಾಗದಪತ್ರಗಳು ಚದುರಿಹೋಗಲಿಲ್ಲ. 1972ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಇಂದಿಗೂ ಅಲ್ಲಿ ದನ ಸಾಕುತ್ತಾರೆ, ಹುಲ್ಲು ಕೊಯ್ದು ಬಣವೆ ಒಟ್ಟುತ್ತಾರೆ. ಈ ಮನೆಯ ಚಿತ್ರಗಳನ್ನು ನೋಡುವಾಗ ಹಜಾರದ ಜೊತೆಗೆ ಆ ಬಣವೆಗಳನ್ನೂ ಹುಡುಕಿ ನೋಡಿ.