ಗುಬ್ಬಚ್ಚಿ ಕಡಿಮೆಯಾಗಿದ್ದು ಮೊಬೈಲ್ ಟವರ್‌ನಿಂದಲೇ?

ವಿಶ್ವ ಗುಬ್ಬಚ್ಚಿ ದಿನ ಆಚರಣೆಗೆ ಬಂದದ್ದು 2010ರಲ್ಲಿ. ಅಂದಿನಿಂದ ಪ್ರತಿ ಮಾರ್ಚ್ 20ಕ್ಕೆ ಒಂದೇ ಮಾತು ಕೇಳುತ್ತಿದ್ದೇವೆ: ಗುಬ್ಬಚ್ಚಿಗಳನ್ನು ಮೊಬೈಲ್ ಟವರ್ ಕೊಂದಿತು. ನಮ್ಮ ನಗರಗಳಲ್ಲಿ ಟವರ್‌ಗಳು ಎದ್ದ ಕಾಲ, ಗುಬ್ಬಚ್ಚಿ ಕಾಣದಾದ ಕಾಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಜನ ಬೇಗ ನಂಬಿದರು. ಆದರೆ ಹಳೆಯ ಎಣಿಕೆಗಳನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಲಂಡನ್‌ನ ಕೆನ್ಸಿಂಗ್ಟನ್ ಗಾರ್ಡನ್ಸ್ ಎಂಬ ಉದ್ಯಾನದಲ್ಲಿ 1925ರಲ್ಲಿ ಪಕ್ಷಿತಜ್ಞ ಮ್ಯಾಕ್ಸ್ ನಿಕಲ್ಸನ್ ಎಣಿಸಿದಾಗ 2,603 ಗುಬ್ಬಚ್ಚಿಗಳಿದ್ದವು. 1948ರಲ್ಲಿ 885. 1975ರಲ್ಲಿ 544. 2000ದಲ್ಲಿ ಬರೀ 8. ಬ್ರಿಟನ್‌ನಲ್ಲಿ ಮೊಬೈಲ್ ಸೇವೆ ಶುರುವಾದದ್ದು 1985ರಲ್ಲಿ. ಅಂದರೆ ಸುಮಾರು ಐದರಲ್ಲಿ ನಾಲ್ಕು ಪಾಲು ಹಕ್ಕಿಗಳು ಅದಕ್ಕೂ ಹತ್ತು ವರ್ಷ ಮೊದಲೇ ಹೋಗಿದ್ದವು! ಮೊದಲ ಇಳಿತಕ್ಕೆ ಕುದುರೆಗಾಡಿ ಹೋಗಿ ಮೋಟಾರು ಬಂದದ್ದು ಕಾರಣ ಎನ್ನುತ್ತಾರೆ. ಕುದುರೆಯ ಮೇವಿನ ಚೀಲದಿಂದ ಉದುರಿದ ಕಾಳು, ಲದ್ದಿಯಲ್ಲಿ ಉಳಿದ ಕಾಳು ಗುಬ್ಬಚ್ಚಿಗಳ ಊಟವಾಗಿತ್ತು. ಅದು ನಿಂತುಹೋಯಿತು.

ಆಮೇಲಿನ ಇಳಿತ ಮಾತ್ರ ಯಾರಿಗೂ ಅರ್ಥವಾಗಲಿಲ್ಲ. 2000ದಲ್ಲಿ 'ದಿ ಇಂಡಿಪೆಂಡೆಂಟ್' ಪತ್ರಿಕೆ ಸರಿಯಾದ ಕಾರಣ ತೋರಿಸುವ ವೈಜ್ಞಾನಿಕ ಪ್ರಬಂಧಕ್ಕೆ 5,000 ಪೌಂಡ್ ಬಹುಮಾನ ಘೋಷಿಸಿತು. ಬೆಕ್ಕು, ಗುಬ್ಬಚ್ಚಿ ಹಿಡಿಯುವ ಗಿಡುಗ, ಸೀಸವಿಲ್ಲದ ಪೆಟ್ರೋಲ್, ಸಂದುಗಳಿಲ್ಲದ ಹೊಸ ಮಾಡುಗಳು, ಎಲ್ಲದರ ಮೇಲೂ ಅನುಮಾನ ಬಂತು.

ನನಗೆ ಮುಖ್ಯ ಅನಿಸುವುದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಸಂಶೋಧಕಿ ಕೇಟ್ ವಿನ್ಸೆಂಟ್ ಮಾಡಿದ ಕೆಲಸ. ಅವರು ನೇರವಾಗಿ ಗೂಡಿನೊಳಗೆ ನೋಡಿದರು. ಮರಿಗಳು ಗೂಡಿನಲ್ಲೇ ಸಾಯುತ್ತಿದ್ದವು. ದೊಡ್ಡ ಗುಬ್ಬಚ್ಚಿ ಕಾಳು ತಿಂದು ಬದುಕುತ್ತದೆ. ಆದರೆ ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಸಸ್ಯಹೇನು, ಜೇಡ, ಕಂಬಳಿಹುಳು ಸಾಕಷ್ಟು ಸಿಗದ ಕಡೆ ಮರಿಗಳು ಸೊರಗುತ್ತಿದ್ದವು.

ಹಾಗಾದರೆ ಕಾರಣ ಸಿಕ್ಕಿತು ಅಲ್ವಾ? ಪೂರ್ತಿ ಇಲ್ಲ. ಲಂಡನ್‌ನಲ್ಲಿ ಗೂಡುಗಳ ಹತ್ತಿರ ಹುಳುಗಳನ್ನು ಇಟ್ಟು ನೋಡಿದರು. ಜಾಸ್ತಿ ಮರಿಗಳು ಬದುಕಿದವು, ಆದರೆ ಒಟ್ಟು ಗುಬ್ಬಚ್ಚಿಗಳ ಸಂಖ್ಯೆ ಹೇಳಿಕೊಳ್ಳುವಷ್ಟು ಏರಲಿಲ್ಲ. 2019ರ ಒಂದು ಅಧ್ಯಯನ ಹಕ್ಕಿಗಳ ಮಲೇರಿಯಾದ ಕಡೆ ಬೆರಳು ತೋರಿಸಿತು. ಇಳಿಯುತ್ತಿದ್ದ ಗುಂಪುಗಳಲ್ಲಿ ಸೋಂಕು ಹೆಚ್ಚು ತೀವ್ರವಾಗಿತ್ತು.

ನಮ್ಮಲ್ಲಿ 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಟವರ್‌ಗಳ ಪರಿಣಾಮ ನೋಡಲು ಒಂದು ಸಮಿತಿ ಮಾಡಿತು. ಸಮಿತಿ ನೂರಾರು ಪ್ರಬಂಧಗಳನ್ನು ಓದಿ, ಎಚ್ಚರ ಬೇಕು ಎಂದಿತು. ಭಾರತದಲ್ಲೇ ಮಾಡಿದ ಸಂಶೋಧನೆ ತೀರಾ ಕಡಿಮೆ ಎಂದೂ ಹೇಳಿತು. ಈ ಎರಡನೇ ಮಾತು ಯಾರ ಕಿವಿಗೂ ಬೀಳಲಿಲ್ಲ. ಬೆಲ್ಜಿಯಂ, ಸ್ಪೇನ್‌ಗಳಲ್ಲಿ ವಿಕಿರಣ ಹೆಚ್ಚಿದ್ದ ಕಡೆ ಗುಬ್ಬಚ್ಚಿ ಕಡಿಮೆ ಇದ್ದದ್ದು ನಿಜ. ಆದರೆ ಟವರ್ ಜಾಸ್ತಿ ಇರುವುದು ಕಟ್ಟಡ ಜಾಸ್ತಿ ಇರುವ ಕಡೆಯೇ. ಎರಡನ್ನೂ ಬೇರೆ ಮಾಡಿ ನೋಡದೆ ತೀರ್ಪು ಕೊಡಲಾಗದು.

2020ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ಸಾವಿರಾರು ಪಕ್ಷಿವೀಕ್ಷಕರು ಬರೆದಿಟ್ಟ ಪಟ್ಟಿಗಳೇ ಅದಕ್ಕೆ ಆಧಾರ. ಅದರ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಅಲ್ಲಿಯವರೆಗಿನ 25 ವರ್ಷಗಳಲ್ಲಿ ಸುಮಾರಾಗಿ ಸ್ಥಿರವಾಗಿತ್ತು. ಇಳಿದಿದ್ದು ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ. ಟವರ್ ವಾದಕ್ಕೆ ಸಿಕ್ಕಿರುವ ಪುರಾವೆ ಬೆಂಬಲ ಕೊಡುವುದಿಲ್ಲ ಎಂದೂ ಆ ವರದಿ ಹೇಳಿತು. ಹಳ್ಳಿಗಳಲ್ಲೂ ಟವರ್ ಇವೆ, ಅಲ್ಲಿ ಗುಬ್ಬಚ್ಚಿಯೂ ಇದೆ.

ಬೆಂಗಳೂರಿನಲ್ಲಿ ಬದಲಾಗಿದ್ದು ಮನೆಗಳು. ಹೆಂಚು, ಜಂತೆ, ಸೂರಿನ ಸಂದು ಹೋಗಿ ಆರ್‌ಸಿಸಿ ತಾರಸಿ ಬಂತು. ಅಕ್ಕಿ ಕೇರುತ್ತಿದ್ದ ಅಂಗಳ ಹೋಗಿ ಪ್ಯಾಕೆಟ್ ಅಕ್ಕಿ ಬಂತು. ಬೇಲಿ, ಪೊದೆ, ಮಣ್ಣಿನ ಜಾಗಕ್ಕೆ ಕಾಂಕ್ರೀಟ್ ಬಿತ್ತು, ಉಳಿದ ಗಿಡಗಳಿಗೆ ಕೀಟನಾಶಕ. ಈಗ ಪ್ರೀತಿಯಿಂದ ರಟ್ಟಿನ ಗೂಡು ಕಟ್ಟಿ, ಕಾಳು ಹಾಕುವವರು ಬಹಳ ಮಂದಿ ಇದ್ದಾರೆ. ಆ ಗೂಡಿನಲ್ಲಿ ಮೊಟ್ಟೆ ಒಡೆದು ಮರಿ ಬಂದ ಮೇಲೆ ತಾಯಿ ಹಕ್ಕಿ ಹುಳು ಹುಡುಕಿ ಎಷ್ಟು ದೂರ ಹೋಗುತ್ತಿದೆ, ಎಷ್ಟು ಮರಿಗಳು ಹಾರುತ್ತಿವೆ ಎಂದು ಲೆಸ್ಟರ್‌ನಲ್ಲಿ ನೋಡಿದ ಹಾಗೆ ಇಲ್ಲೂ ಬಡಾವಣೆಯಿಂದ ಬಡಾವಣೆಗೆ ನೋಡಬೇಕು.