ಬಟ್ಟೆ ಡೈಪರ್ ಹಾಕಿದರೆ ಮಗುವಿನ ಕಾಲು ಸೊಟ್ಟ ಆಗುತ್ತಾ?

ಪ್ರಶ್ನೆ: ಪಾಪುಗೆ ಬಟ್ಟೆ ಡೈಪರ್ ಶುರು ಮಾಡೋಣ ಅಂತಿದ್ದೇವೆ. ತೊಡೆ ನಡುವೆ ಅಷ್ಟು ದಪ್ಪ ಬಟ್ಟೆ ಇದ್ದರೆ ಕಾಲು ಸೊಟ್ಟ ಆಗುತ್ತೆ ಅಂತ ಅತ್ತೆ ಹೇಳ್ತಾರೆ. ಹಾಕಬಹುದಾ?

ಹಾಕಬಹುದು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತಲೇ ಇದ್ದೇನೆ.

ಬಟ್ಟೆ ಡೈಪರ್ ಬೇಕೋ ಬೇಡವೋ ಅನ್ನುವುದು ಕಾಲಿನ ಪ್ರಶ್ನೆಯಲ್ಲ, ಒಗೆಯುವ ಪ್ರಶ್ನೆ. ಎಳೆ ಮಗುವಿಗೆ ದಿನಕ್ಕೆ 10-12 ಸಲ ಬದಲಿಸಬೇಕಾಗುತ್ತದೆ. ಅಷ್ಟನ್ನೂ ಒಗೆಯುವವರು ಯಾರು? ಒಣಹಾಕಲು ಜಾಗ ಇದೆಯಾ? ಬಿಸಿಲೇ ಬಾರದ ವಾರದಲ್ಲಿ ಏನು ಗತಿ? ಪರಿಸರದ ಲೆಕ್ಕ ಕೂಡ ಇದರ ಮೇಲೇ ನಿಂತಿದೆ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿತ್ತು: ಮಷಿನ್ ತುಂಬಾ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಅದನ್ನೇ ಎರಡನೇ ಮಗುವಿಗೂ ಬಳಸಿದರೆ ವಾತಾವರಣದ ಮೇಲಿನ ಹೊರೆ ಶೇ. 40ರಷ್ಟು ಇಳಿಯುತ್ತದೆ. ಯಾವಾಗಲೂ ಡ್ರೈಯರ್‌ಗೆ ಹಾಕಿದರೆ ಆ ಲಾಭ ಕೈಗೆ ಸಿಗುವುದಿಲ್ಲ. ಹಗಲು ಬಟ್ಟೆ, ರಾತ್ರಿ ಬಿಸಾಡುವ ಡೈಪರ್ ಅಂತ ಮಾಡಿಕೊಂಡರೂ ಸರಿ. ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಇನ್ನು ಕಾಲು. ಮಗುವನ್ನು ಅಂಗಾತ ಮಲಗಿಸಿ, ಡೈಪರ್ ಬಿಚ್ಚಿ, ಸುಮ್ನೆ ನೋಡಿ. ಪಾದಗಳನ್ನು ಮೆಲ್ಲಗೆ ಹತ್ತಿರ ತಂದರೂ ಮಂಡಿಗಳ ನಡುವೆ ಸಂದು ಉಳಿದಿರುತ್ತದೆ. ಡೈಪರನ್ನೇ ಕಾಣದ ಮಗುವಿಗೂ ಹಾಗೇ ಇರುತ್ತದೆ. ಹೊಟ್ಟೆಯೊಳಗೆ ಇಷ್ಟು ದಿನ ಕಾಲು ಮಡಚಿಕೊಂಡೇ ಇದ್ದದ್ದಲ್ವಾ? ಈ ಬಾಗು ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷಕ್ಕೆ ನೆಟ್ಟಗಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಉಲ್ಟಾ ಹೊಡೆದು ಮಂಡಿಗಳು ಒಂದಕ್ಕೊಂದು ತಾಗತೊಡಗುತ್ತವೆ. ಏಳರ ಹೊತ್ತಿಗೆ ಅದೂ ಸರಿಹೋಗುತ್ತದೆ. ಕಾಲು ಬಾಗಿರುವ ವಯಸ್ಸೂ ಡೈಪರ್ ಹಾಕುವ ವಯಸ್ಸೂ ಒಂದೇ. ಅದಕ್ಕೇ ಎಲ್ಲರೂ ಡೈಪರ್ ಮೇಲೆ ಗೂಬೆ ಕೂರಿಸುತ್ತಾರೆ.

"ಆದರೆ ಡೈಪರ್ ಹಾಕಿದಾಗ ಕಾಲಗಲಿಸಿ ನಡೆಯುತ್ತಲ್ಲ?" ನಡೆಯುತ್ತದೆ, ಇಲ್ಲ ಅಂದವರು ಯಾರು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 13 ತಿಂಗಳ ಮತ್ತು 19 ತಿಂಗಳ ಮಕ್ಕಳನ್ನು ಬರಿಮೈಯಲ್ಲಿ, ಬಿಸಾಡುವ ಡೈಪರ್‌ನಲ್ಲಿ, ಬಟ್ಟೆ ಡೈಪರ್‌ನಲ್ಲಿ ನಡೆಸಿ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ಬರಿಮೈಯಲ್ಲೇ ನಡಿಗೆ ಚೆನ್ನಾಗಿತ್ತು. ತೆಳ್ಳನೆಯ ಬಿಸಾಡುವ ಡೈಪರ್ ಕೂಡ ನಡಿಗೆ ಕೆಡಿಸಿತ್ತು. ಆದರೆ ಅದು ಆ ಹೊತ್ತಿನ ನಡಿಗೆಯ ಮಾತು. ಅದೇ ಮಗು ಡೈಪರ್ ಬಿಚ್ಚಿದ ಮೇಲೆ ಚೆನ್ನಾಗಿ ನಡೆಯಿತು ಅಂದರೆ ಮೂಳೆ ಬಾಗಿಲ್ಲ ಅಂತ ತಾನೇ ಅರ್ಥ? ಇಷ್ಟು ಹೇಳಿದ ಮೇಲೂ "ಆದರೂ..." ಅನ್ನುವವರಿಗೆ ದಿನಾ ಸ್ವಲ್ಪ ಹೊತ್ತು ಮಗುವನ್ನು ಬರಿಮೈಯಲ್ಲಿ ಆಡಲು ಬಿಡಿ ಅನ್ನುತ್ತೇನೆ. ಚರ್ಮಕ್ಕೂ ಒಳ್ಳೆಯದು.

ಒಂದೇ ಕಾಲು ಬಾಗಿದ್ದರೆ, ಎರಡು ವರ್ಷ ದಾಟಿದ ಮೇಲೆ ಬಾಗು ಜಾಸ್ತಿಯಾಗುತ್ತಿದ್ದರೆ, ಮಗು ಕುಂಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ವಿಟಮಿನ್ ಡಿ ಕೊರತೆಯಿಂದಲೂ ಕಾಲು ಬಾಗುತ್ತದೆ. ಡೈಪರನ್ನು ಬೈಯುತ್ತಾ ಕೂತರೆ ಅದು ಗಮನಕ್ಕೇ ಬರುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ದಪ್ಪ ಡೈಪರ್‌ಗೆ ಹೆದರುವ ಎಷ್ಟೋ ಮನೆಗಳಲ್ಲಿ, ಕಾಲು ನೆಟ್ಟಗಾಗಲಿ ಅಂತ ಎರಡೂ ಕಾಲು ಜೋಡಿಸಿ, ಎಳೆದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ಹೆದರಬೇಕಾದದ್ದು ಇದಕ್ಕೆ! ತೊಡೆಮೂಳೆಯ ಗುಂಡು ತುದಿ ಸೊಂಟದ ಕುಳಿಯೊಳಗೆ ಕೂತಿರುತ್ತದೆ. ಎಳೆ ಮಗುವಿನಲ್ಲಿ ಆ ಕುಳಿ ಇನ್ನೂ ಮೆತ್ತಗಿರುತ್ತದೆ. ಕಾಲನ್ನು ನೇರ ಎಳೆದು ಕಟ್ಟಿದರೆ ಕೀಲು ಜಾರುವ ಅಪಾಯ ಹೆಚ್ಚು. ಜಪಾನಿನಲ್ಲಿ 1975ರಲ್ಲಿ ಕಾಲು ನೇರ ಮಾಡಿ ಸುತ್ತಬೇಡಿ ಅಂತ ತಾಯಂದಿರಿಗೆ ತಿಳಿಹೇಳಲು ಶುರು ಮಾಡಿದರು. ಆಮೇಲೆ ಸೊಂಟದ ಕೀಲು ಜಾರಿದ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಕಾಲು ಅಗಲವಾಗಿಡುವ ಬಟ್ಟೆ ಡೈಪರ್‌ನಿಂದ ಆ ಕೀಲಿಗೆ ತೊಂದರೆಯಿಲ್ಲ.

ಸುತ್ತಲೇಬೇಕೆಂದರೆ ಸೊಂಟದಿಂದ ಕೆಳಗೆ ಸಡಿಲ ಬಿಡಿ. ಮಗು ಮಂಡಿ ಎತ್ತಿ ಕಪ್ಪೆಯ ಹಾಗೆ ಕಾಲಗಲಿಸುವಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಬಿಚ್ಚಿ ಮತ್ತೆ ಸುತ್ತಿ. ಮಗುಚಿಕೊಳ್ಳುವ ಪ್ರಯತ್ನ ಶುರುವಾದ ದಿನದಿಂದ ಸುತ್ತುವುದನ್ನೇ ನಿಲ್ಲಿಸಿ.