ಟಿಬಿ ಗೆದ್ದವರು ಇನ್ನೊಬ್ಬರ ಮನೆಗೆ ಹೋಗುವಾಗ

ಟಿಬಿ ಗುಳಿಗೆ ಬಿಡುವ ಆಸೆ ಬಲವಾಗುವುದು ರೋಗ ಕಾಡುವಾಗಲ್ಲ, ಆರಾಮ ಅನಿಸತೊಡಗಿದ ಮೇಲೆ. ಆರೇಳು ವಾರಕ್ಕೆ ಜ್ವರ ಇಳಿದಿರುತ್ತದೆ, ಕೆಮ್ಮು ತಗ್ಗಿರುತ್ತದೆ, ರೊಟ್ಟಿ ರುಚಿ ಹತ್ತಿರುತ್ತದೆ. "ಈಗ ಆರಾಮ ಆಗ್ಯಾದಲ್ಲ, ಇನ್ನ ಗುಳಿಗಿ ಯಾಕ?" ಎಂಬ ಮಾತು ಆಗ ಬರುತ್ತದೆ. ಆಶಾ ಕಾರ್ಯಕರ್ತೆ, ವೈದ್ಯರು ಉತ್ತರ ಹೇಳುತ್ತಾರೆ. ಆದರೆ ಅದೇ ಗುಳಿಗೆ ನುಂಗಿ, ಅದೇ ವಾಕರಿಕೆ ತಾಳಿ, ಈಗ ಮತ್ತೆ ತೊಗರಿ ಹೊಲಕ್ಕೆ ಇಳಿದವರು ಬಂದು ಹೇಳಿದರೆ ಆ ಮಾತಿಗೆ ಬೇರೆಯೇ ತೂಕ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮವು ಇಂಥವರಿಗೆ ತರಬೇತಿ ಕೊಟ್ಟು ‘ಟಿಬಿ ಚಾಂಪಿಯನ್’ ಎಂದು ಕೆಲಸಕ್ಕೆ ಹಚ್ಚುತ್ತದೆ. ಕಲಬುರಗಿ, ಯಾದಗಿರಿ ಕಡೆಯ ಹಳ್ಳಿ–ತಾಂಡಾಗಳಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ಮನಸ್ಸಿದ್ದರಷ್ಟೇ ಸಾಲದು, ಕೆಲವು ಸಂಗತಿ ಖಚಿತವಾಗಿ ಗೊತ್ತಿರಬೇಕು.

ಮೊದಲನೆಯದು, ಸ್ವಂತ ಚಿಕಿತ್ಸೆ ಪೂರ್ತಿ ಮುಗಿದಿರಬೇಕು. ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಇಲ್ಲವೆಂದು ಬಂದಿರಬೇಕು. ಅರ್ಧ ಚಿಕಿತ್ಸೆಯಲ್ಲೇ ಊರಿಗೆ ಬುದ್ಧಿ ಹೇಳಲು ಹೊರಟವರ ಉತ್ಸಾಹ ದೊಡ್ಡದು, ಆದರೆ ಮೈಯಲ್ಲಿ ಶಕ್ತಿ ಇರುವುದಿಲ್ಲ.

ಮೊದಲ ಭೇಟಿಗೆ ರೋಗಿಯ ಒಪ್ಪಿಗೆ ಬೇಕೇ ಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ತಾಂಡಾದಲ್ಲಿ ಒಬ್ಬರ ಬಾಗಿಲಲ್ಲಿ ನಿಂತು ‘ಟಿಬಿ’ ಎಂದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಹೊಸದಾಗಿ ಮದುವೆಯಾದ ಹೆಣ್ಣುಮಗಳಾದರೆ ಗಂಡನ ಮನೆಯವರು ತವರಿಗೆ ಕಳಿಸಿಬಿಡುವ ಭಯ ಇರುತ್ತದೆ. ಆದ್ದರಿಂದ ಹೆಂಗಸರ ಬಳಿ ಹೆಂಗಸರೇ ಹೋಗಲಿ, ಭೇಟಿ ಎಲ್ಲಿ ಎಂಬುದನ್ನು ಅವರೇ ಹೇಳಲಿ. ಸ್ವಂತ ಕಥೆ ಉದ್ದ ಬೇಡ. "ಕಾಕಾ, ನನಗೂ ಇದೇ ಜಡ್ಡು ಆಗಿತ್ತು. ಆರು ತಿಂಗಳು ಗುಳಿಗಿ ತಗೊಂಡೆ, ಈಗ ದುಡ್ಕೊಂಡು ತಿನ್ಲಾಕತ್ತೀನಿ. ನಿಮಗ ಏನ್ ತ್ರಾಸ ಆಗ್ಲಾಕತ್ಯಾದ ಹೇಳ್ರಿ" ಎಂದರೆ ಸಾಕು. ಉಳಿದ ಹೊತ್ತು ಕಾಕಾನೇ ಮಾತಾಡಬೇಕು.

ಗುಳಿಗೆಯ ಲೆಕ್ಕ ಬಾಯಿಪಾಠ ಇರಲಿ. ಔಷಧಕ್ಕೆ ಬಗ್ಗುವ ಸಾಮಾನ್ಯ ಟಿಬಿಗೆ ಮೊದಲ 56 ದಿನ ನಾಲ್ಕು ಔಷಧ ಸೇರಿದ ಗುಳಿಗೆ, ನಂತರ 112 ದಿನ ಮೂರು ಔಷಧದ ಗುಳಿಗೆ. ಒಟ್ಟು 168 ದಿನ, ಪ್ರತಿದಿನ. ಎಷ್ಟು ಗುಳಿಗೆ ಎಂಬುದು ತೂಕದ ಮೇಲೆ: 25ರಿಂದ 34 ಕೆ.ಜಿ.ಗೆ ಎರಡು, 35ರಿಂದ 49ಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು. 48 ಕೆ.ಜಿ.ಯ ಹೆಂಡತಿಗೆ ಮೂರು, 52 ಕೆ.ಜಿ.ಯ ಗಂಡನಿಗೆ ನಾಲ್ಕು. ಇದು ಗೊತ್ತಿಲ್ಲದೆ "ಅವರಿಗೆ ಜಾಸ್ತಿ ಕೊಟ್ಟಾರ, ನನಗ ಕಮ್ಮಿ ಕೊಟ್ಟಾರ" ಎಂಬ ಅನುಮಾನ ಹುಟ್ಟುತ್ತದೆ.

ಮೊದಲ ವಾರ ಹೆದರಿಸುವುದು ಮೂತ್ರದ ಬಣ್ಣ. ಗುಳಿಗೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧದಿಂದ ಮೂತ್ರ, ಕೆಲವೊಮ್ಮೆ ಬೆವರು, ಕಣ್ಣೀರು ಕೂಡ ಕಿತ್ತಳೆ–ಕೆಂಪಾಗುತ್ತದೆ. ರಕ್ತ ಹೋಗುತ್ತಿದೆ ಎಂದುಕೊಂಡು ಗುಳಿಗೆ ನಿಲ್ಲಿಸುವವರಿದ್ದಾರೆ. ಇದು ಔಷಧದ ಬಣ್ಣ, ಅಪಾಯವಿಲ್ಲ. ಆದರೆ ಕಣ್ಣು ಹಳದಿಯಾಗಿ, ಅನ್ನ ಕಂಡರೆ ಹೇಸಿಗೆಯಾಗಿ, ಮೇಲಿಂದ ಮೇಲೆ ವಾಂತಿಯಾದರೆ ಅದು ಯಕೃತ್ತಿನ ತೊಂದರೆ ಇರಬಹುದು. ಆಗ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕುಡಿಯುವ ಚಟ ಇದ್ದವರಲ್ಲಿ ಈ ಅಪಾಯ ಹೆಚ್ಚು. ದೃಷ್ಟಿ ಮಂಜಾದರೂ, ಕೆಂಪು–ಹಸಿರು ಗುರುತು ಸಿಗದಿದ್ದರೂ ತಡಮಾಡುವಂತಿಲ್ಲ. ಅದು ಗುಳಿಗೆಯಲ್ಲಿರುವ ಇನ್ನೊಂದು ಔಷಧ ಎಥಾಂಬ್ಯುಟಾಲ್‌ನಿಂದ ಆಗುವ ತೊಂದರೆ ಇರಬಹುದು. ಪಾದ ಜುಮ್ಮೆನ್ನುವುದು, ಕೀಲು ನೋವು ಸಾಮಾನ್ಯವಾಗಿ ಗುಳಿಗೆ ಬಿಡದೆಯೇ ಸರಿಹೋಗುವಂಥವು, ಆದರೂ ವೈದ್ಯರ ಕಿವಿಗೆ ಹಾಕಬೇಕು. ಇನ್ನೊಂದು ಮಾತನ್ನು ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಹೇಳಬೇಕು: ರಿಫಾಂಪಿಸಿನ್ ತಗೊಳ್ಳುವಾಗ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇರೆ ವಿಧಾನ ಕೇಳಿ ತಿಳಿಯಬೇಕು.

ಈ ಸೇವೆ ಹೆಚ್ಚು ಕೆಡುವುದು ಇಲ್ಲೇ. ಗುಣವಾದವರಿಗೆ ತಮ್ಮ ಮೈಯ ಅನುಭವವೇ ವೈದ್ಯಶಾಸ್ತ್ರ ಅನಿಸತೊಡಗುತ್ತದೆ. ‘ನನಗ ವಾಂತಿ ಆದಾಗ ಎರಡು ದಿನ ಬಿಟ್ಟಿದ್ದೆ, ಏನೂ ಆಗಲಿಲ್ಲ’, ‘ಒಂದು ಗುಳಿಗಿ ಮುಂಜಾನೆ, ಎರಡು ರಾತ್ರಿ ತಗೋ’ ಎಂಬ ಸಲಹೆ ಪ್ರೀತಿಯಿಂದಲೇ ಬರುತ್ತದೆ, ಆದರೂ ಅಪಾಯಕಾರಿ. ದಿನದ ಗುಳಿಗೆ ಎಲ್ಲ ಒಂದೇ ಹೊತ್ತಿಗೆ ಹೋಗಬೇಕು. ತಪ್ಪಿ ತಪ್ಪಿ ನುಂಗಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಆಮೇಲಿನ ಚಿಕಿತ್ಸೆ ಬಹಳ ಕಠಿಣ. ಧೈರ್ಯ ಹೇಳುವುದು, ಲಕ್ಷಣ ಗುರುತಿಸುವುದು, ಜತೆಗೆ ದವಾಖಾನೆಗೆ ಹೋಗುವುದು ಚಾಂಪಿಯನ್ ಕೆಲಸ. ಔಷಧ ನಿಲ್ಲಿಸುವುದು, ಬದಲಿಸುವುದು ವೈದ್ಯರದು. ಹಳದಿ ಕಣ್ಣಿನ ಪ್ರಸಂಗ ಒಂದೇ ಇದಕ್ಕೆ ಹೊರತು.

ತೂಕದ ಕಡೆ ನಮ್ಮಲ್ಲಿ ಗಮನ ಕಮ್ಮಿ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ, ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರ ಕೊಟ್ಟು ನೋಡಿದ ‘ರೇಷನ್ಸ್’ ಅಧ್ಯಯನದಲ್ಲಿ ಎರಡು ತಿಂಗಳೊಳಗೆ ಶೇ 5ರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಬಹಳ ಕಡಿಮೆ ಇತ್ತು. 40 ಕೆ.ಜಿ.ಯ ಮನುಷ್ಯನಿಗೆ ಅದು ಬರೀ ಎರಡು ಕೆ.ಜಿ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ ಬರೆದಿಡಿ. ಶೇಂಗಾ, ತೊಗರಿಬೇಳೆ, ಮೊಳಕೆಕಾಳು, ಒಪ್ಪುವವರಿಗೆ ಮೊಟ್ಟೆ ನಮ್ಮ ಸಂತೆಯಲ್ಲೇ ಸಿಗುತ್ತವೆ. ದುಬಾರಿ ಪುಡಿ ಡಬ್ಬಿ ಬೇಡ. ಇದಕ್ಕೆಂದೇ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಇದೆ (2024ರ ನವೆಂಬರ್‌ಗೆ ಮುಂಚೆ 500 ಇತ್ತು). ಚಿಕಿತ್ಸೆ ಶುರುವಿಗೆ 3,000, 84 ದಿನದ ನಂತರ 3,000 ಖಾತೆಗೆ ಬರುತ್ತದೆ. ಬರದಿದ್ದರೆ ಮೊದಲು ಪಾಸ್‌ಬುಕ್ ನೋಡಿ: ಖಾತೆ ವ್ಯವಹಾರವಿಲ್ಲದೆ ನಿಂತಿರುತ್ತದೆ, ಇಲ್ಲವೆ ಆಧಾರ್ ಜೋಡಣೆ ಆಗಿರುವುದಿಲ್ಲ, ಇಲ್ಲವೆ ಹೆಸರಿನ ಕಾಗುಣಿತ ಎರಡು ಕಡೆ ಎರಡು ಥರ ಇರುತ್ತದೆ. ಬ್ಯಾಂಕಿಗೆ ಜತೆಯಾಗಿ ಒಂದು ಸಲ ಹೋಗಿಬರುವುದು ಹತ್ತು ಭಾಷಣಕ್ಕಿಂತ ಉಪಯೋಗ.

ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗುವುದು ಈ ಸೀಮೆಯ ಬದುಕು. ಕೂಲಿಗೆ ಕರೆದೊಯ್ಯುವ ಮುಕಾದಮನ ಗಾಡಿ ರಾತ್ರೋರಾತ್ರಿ ಹೊರಡುತ್ತದೆ, ಗುಳಿಗೆ ಗೂಡಿನಲ್ಲೇ ಉಳಿಯುತ್ತದೆ. ತಾನೂ ಗುಳೆ ಹೋಗಿಬಂದ ಚಾಂಪಿಯನ್‌ಗೆ ಗಾಡಿ ಯಾವಾಗ ಬರುತ್ತದೆಂಬ ಅಂದಾಜು ಇರುತ್ತದೆ. ರಾಶಿ ನಡೆದಿರುವಾಗಲೇ ವಿಚಾರಿಸಿ, ನಿಕ್ಷಯ್ ಐಡಿ (ಟಿಬಿ ರೋಗಿಯ ನೋಂದಣಿ ಸಂಖ್ಯೆ) ಬರೆದ ಚೀಟಿ, ಮುಂದಿನ ದಿನಗಳಿಗೆ ಬೇಕಾದ ಗುಳಿಗೆ ಕೈಗೆ ಕೊಡಿಸಬೇಕು. ಹೋಗುವ ಊರು ಗೊತ್ತಾದರೆ ಆ ಐಡಿಯನ್ನು ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸಬಹುದು. ಚಿಕಿತ್ಸೆ ಮೊದಲಿನಿಂದ ಶುರುಮಾಡಬೇಕಿಲ್ಲ. ದಾರಿ ತಪ್ಪಿದರೆ 1800-11-6666 ಉಚಿತ ಸಹಾಯವಾಣಿ ಇದೆ.

ಶಹಾಬಾದ್, ಚಿತ್ತಾಪುರದ ಕಲ್ಲು ಪಾಲಿಶ್ ಶೆಡ್ಡುಗಳಲ್ಲಿ ಕೆಮ್ಮನ್ನು ಧೂಳಿನ ಲೆಕ್ಕಕ್ಕೆ ಹಾಕಿ ಬಿಡುತ್ತಾರೆ. ಅಲ್ಲೇ ದುಡಿದು ಟಿಬಿಯಿಂದ ಗುಣವಾದವರು ಎರಡು ವಾರ ಮೀರಿದ ಕೆಮ್ಮನ್ನು ಗುರುತಿಸಿ ಪರೀಕ್ಷೆಗೆ ಕರೆತಂದರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ. ಕಫ ಕೊಡುವುದನ್ನೂ ಅವರೇ ಕಲಿಸಲಿ: ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಬೇಕು. ಡಬ್ಬಿಯಲ್ಲಿ ಬರೀ ಜೊಲ್ಲು ಇದ್ದರೆ ರೋಗ ಇದ್ದರೂ ತಪ್ಪಿಹೋಗಬಹುದು.

ಒಬ್ಬರಿಗೆ ಏಕಕಾಲಕ್ಕೆ ಮೂರ್ನಾಲ್ಕು ಮನೆ ಸಾಕು. ಕೂಲಿ ಬಿಟ್ಟು ಬರುವವರಿಗೆ ಬಸ್ ಚಾರ್ಜನ್ನಾದರೂ ಕೊಡದೆ ‘ಸೇವೆ’ ಎಂದು ದುಡಿಸಿಕೊಳ್ಳುವುದು ಅನ್ಯಾಯ. ಚಿಕಿತ್ಸಾ ಬೆಂಬಲಿಗರಾಗಿ (ರೋಗಿ ಚಿಕಿತ್ಸೆ ಮುಗಿಸುವವರೆಗೆ ಜತೆ ನಿಲ್ಲುವವರಾಗಿ) ಹೆಸರು ದಾಖಲಾಗಿದ್ದರೆ ರೋಗಿಯ ಸಾಮಾನ್ಯ ಟಿಬಿ ಚಿಕಿತ್ಸೆ ಮುಗಿದಾಗ 1,000 ರೂಪಾಯಿ, ಔಷಧ ನಿರೋಧಕ ಟಿಬಿಗೆ 5,000 ಗೌರವಧನ ಇದೆ. ದಾಖಲಾಗಿದೆಯೇ ಎಂದು ಮೊದಲೇ ಕೇಳಿ. ಜತೆಗೆ ಅವರದೇ ತಪಾಸಣೆ ಮರೆಯಬಾರದು. ರೋಗ ಮರುಕಳಿಸಿದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ, ಹಾಗಾಗಿ ಚಿಕಿತ್ಸೆ ಮುಗಿದ 6, 12, 18, 24ನೇ ತಿಂಗಳಿಗೆ ತೋರಿಸಿಕೊಳ್ಳಬೇಕು. ಆ ನಾಲ್ಕು ದಿನಾಂಕವನ್ನು ತಮ್ಮ ಹಳೆಯ ಚಿಕಿತ್ಸಾ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಲಿ.